ನಾಲ್ಕು ಸಾಲಿನ ಪ್ಯಾಚ್

ನಾನು ಕೆಟ್ಟವನಲ್ಲ, ಕಟ್ಟುನಿಟ್ಟಿನವನು. ಈ ವ್ಯತ್ಯಾಸ ಮದುವೆಯಾಗಿ ಇಪ್ಪತ್ತು ವರ್ಷವಾದರೂ ನನ್ನ ಹೆಂಡತಿಯ ತಲೆಗೆ ಹೋಗಿಲ್ಲ.

ಮಾತು ಕಳೆದುಕೊಂಡವರಿಗಾಗಿ ಒಂದು ತಂತ್ರಾಂಶವಿದೆ. ಬೆರಳಿನಿಂದ ಗುಂಡಿ ಒತ್ತಿ ಅಕ್ಷರ ಆರಿಸಿದರೆ ಯಂತ್ರ ಅವರ ಪರವಾಗಿ ಮಾತಾಡುತ್ತದೆ. ಅದರ ಕೋಡನ್ನು ಯಾರು ಬೇಕಾದರೂ ತಿದ್ದಬಹುದು. ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಎಲ್ಲರೂ ಓದುವ ನಮ್ಮ ಇಮೇಲ್ ಪಟ್ಟಿಗೆ ಕಳಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ನಾನು. ಸಂಬಳವಿಲ್ಲದ ಕೆಲಸ. ಬೈಯುವ ಹಕ್ಕಾದರೂ ಇರಲಿ ಎಂದು ಇಟ್ಟುಕೊಂಡಿದ್ದೇನೆ.

ಲಿಫ್ಟ್ ರಿಪೇರಿ ಮಾಡುವ ಹೆಂಗಸೊಬ್ಬಳು ಒಂದು ಪ್ಯಾಚ್ ಕಳಿಸಿದಳು. ಅವಳ ಅಪ್ಪನಿಗೆ ಲಕ್ವ ಹೊಡೆದಿತ್ತು. ಬೆರಳು ನಡುಗಿ ಗುಂಡಿಯನ್ನು ಎರಡು ಸಲ ಒತ್ತಿದರೆ ನಮ್ಮ ಹೊಸ ಆವೃತ್ತಿ ಎರಡನ್ನೂ ನುಂಗಿಬಿಡುತ್ತಿತ್ತು, ಹಾಗಾಗಿ ಅವರು ಪೂರ್ತಿ ಮೂಕರಾಗಿದ್ದರು. ಅವರು ಮಲಗಿದ್ದ ಆಸ್ಪತ್ರೆಯ ಯಂತ್ರ ನಾವು ಬಿಡುಗಡೆ ಮಾಡಿದ್ದನ್ನಲ್ಲದೆ ಬೇರೇನನ್ನೂ ಒಳಗೆ ಬಿಡುವುದಿಲ್ಲ. ಮುಂದಿನ ಆವೃತ್ತಿಯ ಬಿಡುಗಡೆಗೆ ಒಂಬತ್ತು ದಿನವಿತ್ತು. ತಪ್ಪಿದರೆ ಇನ್ನು ಮೂರು ತಿಂಗಳು. ಇದೆಲ್ಲವನ್ನೂ ಅವಳು ಬರೆದಿದ್ದಳು, ನಾನು ಓದಿದ್ದೆ.

ತಿದ್ದಿದ್ದು ನಾಲ್ಕೇ ಸಾಲು. ನನಗೇ ಹೊಳೆಯದಿದ್ದ ಪರಿಹಾರ. ಆದರೆ ಪ್ಯಾಚನ್ನು ಪತ್ರದೊಳಗೆ ಬರೆಯದೆ ಲಗತ್ತಿಸಿದ್ದಳು. 'ಲಗತ್ತು ಬಿಚ್ಚಲು ನಾನು ನಿಮ್ಮ ಗುಮಾಸ್ತನಲ್ಲ' ಎಂದು ಮರಳಿಸಿದೆ. ಎರಡನೆಯ ಸಲ ಅವಳ ಮೇಲ್ ತಂತ್ರಾಂಶ ಉದ್ದದ ಸಾಲುಗಳನ್ನು ಅರ್ಧಕ್ಕೆ ಮುರಿದಿತ್ತು. 'ಲಿಫ್ಟನ್ನೂ ಹೀಗೇ ಅರ್ಧಕ್ಕೆ ನಿಲ್ಲಿಸುತ್ತೀರಾ?' ಎಂದೆ. ಪಟ್ಟಿಯಲ್ಲಿ ಹತ್ತು ಜನ ನಕ್ಕರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮೂರನೆಯದು ಬಂದಾಗ ಹೆಂಡತಿ ಬಟ್ಟೆ ಮಡಚುತ್ತಾ ನನ್ನ ಹೆಗಲ ಮೇಲಿಂದ ಇಣುಕಿದಳು.

"ರೀ, ಈಗೇನು ತಪ್ಪಂತೆ?"

"ಸಾಲಿನ ಮೊದಲ ಖಾಲಿ ಜಾಗಾನ ಟ್ಯಾಬ್ ಒತ್ತಿ ಬಿಡಬೇಕು, ಸ್ಪೇಸ್ ಒತ್ತಿ ಬಿಟ್ಟಿದ್ದಾಳೆ."

"ನೀವೇ ಸರಿ ಮಾಡಿ ಹಾಕ್ಕೊಂಡ್ರೆ ಕೈ ಸವೆದು ಹೋಗುತ್ತಾ?"

"ಇವತ್ತು ಇವಳಿಗೆ ಮಾಡಿದ್ರೆ ನಾಳೆ ಊರೆಲ್ಲ ಬಂದು ಕೂರುತ್ತೆ. ಕಲೀಲಿ ಬಿಡು."

"ಮಲಗಿರೋದು ನಿಮ್ಮಪ್ಪ ಆಗಿದ್ರೆ?"

"ನಮ್ಮಪ್ಪ ಆಗಿದ್ರೆ ನಾನು ಟ್ಯಾಬ್ ಸರಿಯಾಗಿ ಹಾಕ್ತಿದ್ದೆ."

ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾಲ್ಕನೆಯದು ಬಿಡುಗಡೆಯ ಮರುದಿನ ಬಂತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆದಿದ್ದು, ತಡವಾಯಿತು ಎಂದಿದ್ದಳು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. 'ಬಾಗಿಲು ಹಾಕಿಯಾಗಿದೆ. ಮುಂದಿನ ಸಲ' ಎಂದೆ.

ಮುಂದಿನ ಸಲ ಅದನ್ನೇ ಕಳಿಸಿದಳು. ಒಪ್ಪಿಕೊಂಡೆ. 'ಅಚ್ಚುಕಟ್ಟು' ಎಂದೂ ಬರೆದೆ. ವರ್ಷಕ್ಕೊಮ್ಮೆ ನನ್ನಿಂದ ಹೊರಡುವ ಮಾತು ಅದು. ಸ್ವಲ್ಪ ಹೊತ್ತಿಗೆ ಅವಳ ಉತ್ತರ ಬಂತು. ಹಳೆಯ ಪತ್ರದ ಕೆಳಗೆ ಉತ್ತರ ಬರೆಯುವುದು ನಮ್ಮ ಪಟ್ಟಿಯ ನಿಯಮ. ಅವಳು ಮೇಲೆ ಬರೆದಿದ್ದಳು. ನಾನು ಪತ್ರದ ಆಕಾರ ನೋಡಿ ಆಮೇಲೆ ಓದುವವನು. 'ಉತ್ತರ ಕೆಳಗೆ ಬರೆಯಬೇಕು. ಇಷ್ಟು ತಿಂಗಳಾದರೂ ಅಷ್ಟು ತಿಳಿಯಲಿಲ್ಲವೇ?' ಎಂದು ಎಲ್ಲರಿಗೂ ಕಳಿಸಿದ ಮೇಲೆ ಓದಿದೆ.

'ಅಪ್ಪ ಹೋಗಿ ಹನ್ನೊಂದು ದಿನ ಆಯ್ತು ಸರ್. ಕೊನೇ ಎರಡು ದಿನ ಆ ಗುಂಡಿ ಒತ್ತುತ್ತಲೇ ಇದ್ರು. ಏನು ಕೇಳ್ತಿದ್ರೋ ಗೊತ್ತಾಗ್ಲಿಲ್ಲ. ಬೇರೆಯವರ ಅಪ್ಪಂಗಾದ್ರೂ ಆಗ್ಲಿ ಅಂತ ಕಳಿಸ್ದೆ.'

ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಕ್ಷಮೆ ಕೇಳಲು ಒಂದು ಸಾಲು ಬರೆದು ಅಳಿಸಿದೆ, ಮತ್ತೊಂದು ಬರೆದೆ. ಅಷ್ಟರಲ್ಲಿ ಅವಳಿಂದ ಇನ್ನೊಂದು ಪತ್ರ ಬಂತು. 'ತಪ್ಪಾಯ್ತು ಸರ್' ಎಂದು ಸೇರಿಸಿ, ಅಪ್ಪ ಹೋದ ಅದೇ ಸುದ್ದಿಯನ್ನು ಈ ಸಲ ನನ್ನ ಪತ್ರದ ಕೆಳಗೆ ಬರೆದಿದ್ದಳು.