ಹದಿನೆಂಟು ಮೆಟ್ಟಿಲು

"ಏಯ್ ಬೋಳಿಮಗನೆ, ಬಾಂಡ್ಲಿ ತಕ್ಕಂಡು ಅಲ್ಲೇನ್ಲಾ ಲೈಟುಕಂಬದಂಗೆ ನಿಂತಿದ್ದೀಯ? ಸುರೀಲಾ."

ಮೇಸ್ತ್ರಿ ತಿಮ್ಮಯ್ಯ ಹೀಗೆ ಬೈದಾಗ ನಾನು ತಾರಸಿಯ ಮೇಲೆ, ತೂತಿನ ಅಂಚಿನಲ್ಲಿ ನಿಂತಿದ್ದೆ. ಮಳವಳ್ಳಿ ಸಂತೆಮಾಳದ ಪಕ್ಕದ ಸೊಸೈಟಿ ಕಟ್ಟಡದ ತಾರಸಿ ಅದು. ತೂತು ಅಂದರೆ ಸಣ್ಣದಲ್ಲ, ಮಂಚವನ್ನು ಅಡ್ಡಡ್ಡ ಇಳಿಸಬಹುದು, ಅಷ್ಟು ದೊಡ್ಡದು. ಕೆಳಗೆ ಹಲಗೆ ಬಡಿದು, ಮೇಲೆ ಕಂಬಿ ಕಟ್ಟಿ ಆಗಿತ್ತು. ಏಣಿಯ ಮೇಲೆ ಸಾಲಾಗಿ ನಿಂತು ಏಳು ಜನ ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಕೊನೆಯ ಕೈ ನನ್ನದು. ಸುರಿದೆ.

ನನಗಿಂತ ಒಂದು ಮೆಟ್ಟು ಕೆಳಗೆ ನಿಂತಿದ್ದವನು ನನ್ನ ಸೋದರಮಾವ ಮರಿಸಿದ್ದಯ್ಯ. ಅವನು ಬಾಂಡ್ಲಿಯನ್ನು ತಲೆಯ ಮೇಲೇ ಇಟ್ಟುಕೊಂಡು ಕೇಳಿದ: "ಇದು ಮೆಟ್ಲು ಬರೋ ಜಾಗ ಅಲ್ವಾ ಮೇಸ್ತ್ರಿ? ಇದ್ಯಾಕೆ ಮುಚ್ಚಾದು?"

"ಮಳೆನೀರು ಕಣಯ್ಯ. ಸೀದಾ ಅಂಗ್ಡಿಯೊಳಕ್ಕೆ ಉಯ್ತದೆ. ಮೆಟ್ಲು ಕಟ್ಟೋ ದಿನ ಒಡುದ್ರಾಯ್ತು."

"ಮಳೆಗೆ ಒಂದು ತಗಡು ಮುಚ್ಚುದ್ರೆ ಸಾಲ್ದಾ? ಕಂಬಿ ಯಾತುಕ್ಕೆ?"

"ನೀನೇ ಇಂಜಿನೀರಾಗ್ಬುಡು ಬಾ, ನಾನು ಬಾಂಡ್ಲಿ ಓರ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. "ಮಾವ, ನಿಂಗೆ ಕಂಬಿ ಕಂಡ್ರೂ ಅನ್ಮಾನ, ಕಡ್ಲೆಪುರಿ ಕಂಡ್ರೂ ಅನ್ಮಾನ. ದಾಟ್ಸು ಬಾಂಡ್ಲೀಯ" ಅಂದೆ. ಆವತ್ತು ನನ್ನ ಖುಷಿ ನನ್ನದು. ಎರಡು ವರ್ಷ ಕಾಗೆ ಕೂರಲು ಬಿಟ್ಟರೆ ಬೇರೆ ಯಾವುದಕ್ಕೂ ಉಪಯೋಗವಿಲ್ಲದೆ ನಿಂತಿದ್ದ ಕಟ್ಟಡದಲ್ಲಿ ಮತ್ತೆ ಕೆಲಸ ಶುರುವಾಗಿತ್ತು. ಆ ಕಟ್ಟಡದ ಮೇಲೆ ನಮ್ಮ ಮನೆ ಬರಬೇಕಿತ್ತು.

ಆ ಜಾಗದಲ್ಲಿ ಮೊದಲು ಇದ್ದದ್ದು ನಮ್ಮವರ ಹದಿಮೂರು ಗುಡಿಸಲು. ಎಪ್ಪತ್ತೆರಡನೇ ಇಸವಿಯಲ್ಲಿ ಸೊಸೈಟಿಯವರು ಬಂದು ಹೇಳಿದರು: ಜಾಗ ಬಿಡಿ, ಕೆಳಗೆ ದಿನಸಿ ಅಂಗಡಿ, ಮೇಲೆ ನಿಮಗೆ ಹದಿಮೂರು ಕೋಣೆ, ಕರೆಂಟು, ನಲ್ಲಿ. ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಸಾಲು. ನಮ್ಮವ್ವ ಪುಟ್ಟಮಾದಮ್ಮ ಈ ಒಂದೇ ಸಾಲಿನ ಮಾತಿಗೇ ಸೋತುಹೋದಳು. ಪೇಟೆಯ ಅಂಗಡಿಯಲ್ಲಿ ನಾವು ಜಗಲಿಯ ಕೆಳಗೆ ನಿಂತು ಸೆರಗು ಒಡ್ಡಬೇಕು. ಮೇಲಿಂದ ಉಪ್ಪು ಸುರಿಯುತ್ತಾರೆ. ಅರ್ಧ ಸೆರಗಿಗೆ, ಅರ್ಧ ಮಣ್ಣಿಗೆ.

ಹದಿಮೂರು ಗುಡಿಸಲಲ್ಲಿ ಮೊದಲು ಸೂರಿನ ಗರಿ ಕಿತ್ತವಳು ಅವ್ವ. ಅವಳು ಕಿತ್ತಳು ಅಂತ ಉಳಿದವರೂ ಕಿತ್ತರು. ಅದೇ ವರ್ಷ ನಾನು ಏಳನೇ ಕ್ಲಾಸಿಗೆ ಕೈಮುಗಿದು ಪಾಯ ಅಗೆಯಲು ಹೋದೆ. ಮೇಲಕ್ಕೆ ಎಷ್ಟು ಮೆಟ್ಟಿಲು ಅಂತ ನಕ್ಷೆ ನೋಡುತ್ತಿದ್ದವರನ್ನು ಕೇಳಿಕೊಂಡು ಬಂದು ಅವ್ವನಿಗೆ ಹೇಳಿದೆ: ಹದಿನೆಂಟು.

ಅವ್ವನಿಗೆ ಮಂಡಿನೋವು. ಕೆರೆ ಏರಿಯ ಕೆಳಗೆ ತಗಡಿನ ಶೆಡ್ಡು ಹಾಕಿಕೊಟ್ಟಿದ್ದರು, ಆರು ತಿಂಗಳ ಮಟ್ಟಿಗೆ ಅಂತ. ಅಲ್ಲಿಗೆ ಹೋದ ಮಾರನೇ ದಿನದಿಂದ ಅವಳು ಬೆಳಿಗ್ಗೆ ಎದ್ದವಳೇ ಏರಿ ಹತ್ತುವುದಕ್ಕೆ ಶುರುಮಾಡಿದಳು. ಒಂದೊಂದೇ ಹೆಜ್ಜೆ, ಬಾಯಲ್ಲಿ ಎಣಿಸಿಕೊಂಡು. ಹದಿನೆಂಟಕ್ಕೆ ನಿಂತು ಉಸಿರು ಬಿಟ್ಟು ಇಳಿಯುವಳು. "ಇವಾಗ್ಲಿಂದ್ಲೇ ಅಭ್ಯಾಸ ಮಾಡ್ಕಂಡ್ರೆ ಆ ವತ್ಗೆ ಸಲೀಸಾಯ್ತದೆ ಕಣ್ಲಾ" ಅನ್ನುವಳು. ಐದು ವರ್ಷ ಹತ್ತಿದಳು. ಏರಿಯ ಆ ಒಂದು ಕಡೆ ಹುಲ್ಲು ಸತ್ತು ದಾರಿಯಾಯಿತು.

ಇನ್ನೊಂದು ಇದೆ. ಗುಡಿಸಲು ಕಿತ್ತ ದಿನ ಅವಳು ಒಲೆಯ ಮೂರು ಗುಂಡುಕಲ್ಲನ್ನೂ ಕಿತ್ತು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಳು, ನಮ್ಮಪ್ಪನ ಅವ್ವ ಹೂಡಿದ ಕಲ್ಲು ಅಂತ. ಶೆಡ್ಡಿನಲ್ಲಿ ಮುರುಕು ಇಟ್ಟಿಗೆ ಜೋಡಿಸಿಕೊಂಡು ಬೇಯಿಸುತ್ತಿದ್ದಳು. ಚೀಲ ಬಿಚ್ಚವ್ವ ಅಂದರೆ, "ಸುಮ್ಕಿರು. ಒಲೆ ಊಡುದ್ರೆ ಇದೇ ಮನೆ ಅಂತ ಆಗ್ಬುಡ್ತದೆ" ಅನ್ನುತ್ತಿದ್ದಳು.

ತೂತು ಮುಚ್ಚಿದ ದಿನ ಸಂಜೆ ಮೇಸ್ತ್ರಿ ಎಲ್ಲರಿಗೂ ಕಡಲೆಪುರಿ, ಒಂದೊಂದು ಉಂಡೆ ಬೆಲ್ಲ ಕೊಟ್ಟ. ತಾರಸಿ ಹಾಕಿದ ದಿನ ಕೊಡುವುದು ಪದ್ಧತಿ. ನಾನು ಟವೆಲಿನಲ್ಲಿ ಕಟ್ಟಿಕೊಂಡು ಶೆಡ್ಡುಗಳ ಹತ್ತಿರ ಬಂದಾಗ ಹೆಂಗಸರು ಕೊಡ ಇಟ್ಟುಕೊಂಡು ಬೋರಿಂಗಿನ ಮುಂದೆ ಕೂತಿದ್ದರು. ಮಾತು ಅದೇ ಕಟ್ಟಡದ್ದು. ಐದು ವರ್ಷದಿಂದ ಬೇರೆ ಮಾತೇ ಇರಲಿಲ್ಲ. ಸಿಮೆಂಟಿನ ಪರ್ಮಿಟ್ಟು ಸಿಕ್ಕಿಲ್ಲವಂತೆ, ಫೈಲು ಮಂಡ್ಯದಲ್ಲಿ ಇಲಿ ತಿಂದಿದೆಯಂತೆ, ಮೇಲಿನ ಕೋಣೆಯನ್ನು ಶಿವನಸಮುದ್ರದ ಕರೆಂಟಿನವರಿಗೆ ಬಾಡಿಗೆಗೆ ಕೊಡುತ್ತಾರಂತೆ.

"ಕರೆಂಟಿನೋರೂ ಬರಕಿಲ್ಲ, ಕಲೆಕ್ಟ್ರೂ ಬರಕಿಲ್ಲ" ಅಂದಳು ಪಕ್ಕದ ಶೆಡ್ಡಿನ ಸಣ್ಣತಾಯಮ್ಮ. "ನಮ್ಗೇಯ. ಕೆಳಗೆ ಬೆಲ್ಲ, ಸಕ್ರೆ, ಮ್ಯಾಲೆ ನಾವು. ವಾಸ್ನೆ ಕುಡುದ್ರೇ ಒಟ್ಟೆ ತುಂಬ್ತದೆ. ನನ್ ಗಂಡಂಗೆ ಮುದ್ದೆ ಮಿಗ್ತದೆ."

"ನಿನ್ ಗಂಡುಂಗೆ ಮೆಟ್ಲು ಅತ್ತಕಾಯ್ತದಾ? ಸಂಜೇಲಿ ನೆಲ್ದ ಮ್ಯಾಲೇ ನಿಲ್ಲಕಾಗಕಿಲ್ಲ" ಅಂತ ಇನ್ನೊಬ್ಬಳು.

"ಅದ್ಕೇಯ, ಕೆಳಗೇ ಮನಗಿಸ್ತೀನಿ, ಕಾವಲ್ಗೆ."

ನಾನು ಪುರಿ ಹಂಚಿ, ಕೆಲಸ ಶುರುವಾಯ್ತು, ಮೇಲಿನ ನೆಲ ಗಟ್ಟಿಮಾಡಿದ್ದೀವಿ ಅಂದೆ. ಅವ್ವ ತನ್ನ ಪಾಲಿನ ಬೆಲ್ಲ ತಿನ್ನಲಿಲ್ಲ. ಕಾಗದದಲ್ಲಿ ಸುತ್ತಿ ಗೋಣಿಚೀಲದೊಳಗೆ, ಕಲ್ಲುಗಳ ನಡುವೆ ಇಟ್ಟಳು. "ಅಲ್ಲಿ ಒಲೆ ಊಡ್ದಾಗ ಮೊದ್ಲು ಸಿಹಿ ಬೇಯ್ಬೇಕು."

ಆಮೇಲೆ ಸುಣ್ಣ ಹೊಡೆದರು. ಕಬ್ಬಿಣದ ಬಾಗಿಲು ಬಂತು, ತಕ್ಕಡಿ ಬಂತು. ಮೆಟ್ಟಿಲು ಬರಲಿಲ್ಲ. ಮೇಲಿನ ಕೋಣೆಗಳ ಗೋಡೆಗೆ ಅಂತ ತಾರಸಿಯಲ್ಲಿ ನೆಟ್ಟಗೆ ಬಿಟ್ಟಿದ್ದ ಕಂಬಿಗಳನ್ನು ಒಂದು ಮಧ್ಯಾಹ್ನ ಯಾರೋ ಬಗ್ಗಿಸಿ ಕತ್ತರಿಸಿಕೊಂಡು ಹೋದರು. ಯುಗಾದಿಗೆ ಅಂಗಡಿ ತೆರೆಯುತ್ತಾರೆ ಅಂತ ಸುದ್ದಿ ಹುಟ್ಟಿದಾಗ ಮಾವನೂ ನಾನೂ ಸೊಸೈಟಿ ಆಫೀಸಿಗೆ ಹೋದೆವು.

ಕಾರ್ಯದರ್ಶಿ ಸಂಪತ್ ಕುಮಾರ ಕಾಫಿ ಕುಡಿಯುತ್ತಿದ್ದ. ಎದುರಿಗೆ ಅರ್ಚಕ ತಿರುನಾರಾಯಣ, ಸೊಸೈಟಿಯ ಕಮಿಟಿಯಲ್ಲಿ ಅವರೂ ಒಬ್ಬರು. ನಾವು ಹೊಸಿಲಿನ ಈಚೆ ನಿಂತೆವು.

"ಏನ್ರೋ?"

"ಬುದ್ಧೀ, ಮೆಟ್ಲು ಯಾವಾಗ ಅಂತ" ಅಂದ ಮಾವ.

"ಯಾವ ಮೆಟ್ಲು?"

"ಮ್ಯಾಲುಕ್ಕೆ. ನಮ್ಮ ಮನೆಗುಳ್ಗೆ."

ಸಂಪತ್ ಕುಮಾರ ಅರ್ಚಕರ ಮುಖ ನೋಡಿದ. ಅರ್ಚಕರು ಕೆಟ್ಟ ಮಾತಾಡುವವರಲ್ಲ. ಮೆಲ್ಲಗೆ, ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು: "ಜಾತಿ ಅಂತಲ್ಲಪ್ಪ, ಆ ಕಾಲ ಹೋಯ್ತು. ಇನ್ನು ಮೇಲೆ ದೇವರ ಪಡಿಯಕ್ಕಿ ಅದೇ ಅಂಗಡಿಯಿಂದ ಬರಬೇಕು. ಊರಿನವರು ಅಲ್ಲಿಂದಲೇ ಮನೆಗೆ ತಗೊಂಡು ಹೋಗಬೇಕು. ಆ ಅಕ್ಕಿಯ ತಲೆ ಮೇಲೆ ನಿಮ್ಮ ಒಲೆ, ನಿಮ್ಮ ಬಚ್ಚಲು, ಹುಟ್ಟು, ಸಾವು. ನೀವೇ ಯೋಚನೆ ಮಾಡಿ, ಒಬ್ಬರಾದರೂ ಬರ್ತಾರಾ ಆ ಅಂಗಡಿಗೆ? ನಡೆಯುತ್ತಾ ಅದು?"

"ಅಂಗಾರೆ ಅವತ್ತು ಯಾಕೇಳುದ್ರಿ ಬುದ್ಧೀ? ಗುಡ್ಲು ಯಾಕೆ ಕೀಳುಸುದ್ರಿ?" ಮಾವ ಹೊಸಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ಹೇಳಿದ್ದು ಹೌದು. ನಾವೇನು ಬೇಡ ಅಂದ್ವಾ?" ಸಂಪತ್ ಕುಮಾರ ಲೋಟ ಕೆಳಗಿಟ್ಟ. "ಮೆಟ್ಟಿಲ ಜಾಗ ಮುಚ್ಚಿದ್ದು ಯಾರು? ನಾನಾ? ಹಾಜರಿ ಪುಸ್ತಕ ಇಲ್ಲೇ ಇದೆ. ಏಳು ಜನ, ಏಳು ಜನವೂ ನಿಮ್ಮೋರೇ. ತಕರಾರು ಇದ್ದರೆ ಅವತ್ತೇ ಹೇಳಬೇಕಿತ್ತು. ನಿಮಗೇ ಬೇಡ ಅಂತ ನಾವು ಅಂದ್ಕೊಂಡ್ವಿ."

ಪುಸ್ತಕ ತಿರುಗಿಸಿ ನಮ್ಮ ಕಡೆ ಹಿಡಿದ. ಆರು ಹೆಬ್ಬೆಟ್ಟು. ಏಳನೆಯದು ಸೈನು. ಉಳಿದವರ ಹೆಬ್ಬೆಟ್ಟಿನ ಮುಂದೆ ಎದ್ದು ಕಾಣಲಿ ಅಂತ ಅವತ್ತು ನಾನು ದುಂಡಗೆ, ಒತ್ತಕ್ಷರ ಬಿಡದ ಹಾಗೆ ಬರೆದಿದ್ದೆ: ಲಿಂಗಯ್ಯ.

ವಾಪಸ್ಸು ಬರುವಾಗ ಮಾವ ಕೆರೆ ಏರಿಯ ಹತ್ತಿರ ನಿಂತು, "ನಿಮ್ಮವ್ವುಂಗೆ ನೀನೇ ಏಳು. ನನ್ ಕೈಲಾಗಕಿಲ್ಲ" ಅಂದ.

ನನ್ನ ಕೈಲೂ ಆಗಲಿಲ್ಲ. ಹೇಳಬೇಕು ಅಂತ ಶೆಡ್ಡಿಗೆ ಬಂದರೆ ಅವ್ವ ಏರಿ ಇಳಿಯುತ್ತಿದ್ದಳು. "ಇವತ್ತು ಎಲ್ಲೂ ಕುಂತ್ಕಳ್ದಂಗೆ ಅತ್ತಿದ್ದೀನಿ ಕಣ್ಲಾ ಲಿಂಗ" ಅಂದಳು. ನಾನು ಮುಖ ತೊಳೆಯುವ ನೆಪ ಮಾಡಿ ಕೆರೆಗೆ ಹೋದೆ. ಮಾರನೇ ದಿನವೂ ಹೇಳಲಿಲ್ಲ. ಆಮೇಲೆ ಯುಗಾದಿ ಬಂದೇಬಿಟ್ಟಿತು.

ಅಂಗಡಿ ತೆರೆಯುವ ದಿನ ಅವ್ವ ತಲೆಗೆ ನೀರು ಹಾಕಿಕೊಂಡು, ಇದ್ದ ಒಂದು ಒಳ್ಳೆ ಸೀರೆ ಉಟ್ಟು, ಚೀಲ ತಲೆಯ ಮೇಲಿಟ್ಟುಕೊಂಡಳು. ಬೇಡ ಕಣವ್ವ ಅಂದೆ. ಯಾಕೆ ಅಂದಳು. ಅವಳ ಹಿಂದೆ ನಡೆದೆ.

ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಪೂಜೆ ಮುಗಿದು ಜನ ಸಾಲು ನಿಂತಿದ್ದರು. ಅವ್ವ ಸಾಲಿನ ಕಡೆ ನೋಡಲೂ ಇಲ್ಲ. ಕಟ್ಟಡದ ಎಡಗಡೆ ಹೋದಳು. ಹಿಂದಕ್ಕೆ ಹೋದಳು. ಬಲಗಡೆಯಿಂದ ಬಂದಳು. ಇನ್ನೊಂದು ಸುತ್ತು ಹೊರಟಳು. ಚೀಲದ ಭಾರಕ್ಕೆ ಕತ್ತು ಬೆವೆತಿತ್ತು.

"ಎಲ್ಲವ್ವೆ ಲಾ ಮೆಟ್ಲು?"

ನಾನು ಚೀಲಕ್ಕೆ ಕೈ ಚಾಚಿದೆ. ಕೊಡಲಿಲ್ಲ.

"ಒಳೀಕೆ ಇರ್ಬೇಕು" ಅಂತ ತಾನೇ ಅಂದುಕೊಂಡು ಬಾಗಿಲಿಗೆ ನುಗ್ಗಿದಳು. ಸಾಲಿನವರು ಮೈ ತಾಗೀತು ಅಂತ ಎರಡೂ ಕಡೆ ಸರಿದರು. ಸಂಪತ್ ಕುಮಾರ ತಕ್ಕಡಿಯ ಹಿಂದಿನಿಂದ, "ಏಯ್, ಯಾರದು, ಆಚೆ ನಿಂತ್ಕೊ" ಅಂದ. ಅವಳು ಅಂಗಡಿಯ ನಡುವೆ ನಿಂತು ಮೇಲೆ ನೋಡುತ್ತಿದ್ದಳು.

ಸೂರಿಗೆ ಎಷ್ಟು ಸುಣ್ಣ ಹೊಡೆದರೂ ಆ ಜಾಗ ಬೇರೆ ಬಣ್ಣಕ್ಕೆ ಕಾಣುತ್ತಿತ್ತು. ಉದ್ದಕ್ಕೆ, ಬಾಗಿಲನ್ನು ಮಲಗಿಸಿದ ಹಾಗೆ.

"ಅದೇನ್ಲಾ ಅಲ್ಲಿ ತ್ಯಾಪೆ ಆಕವ್ರೆ?"

"ಮೆಟ್ಲು ಬರೋ ಜಾಗ ಕಣವ್ವ. ಮುಚ್ಚವ್ರೆ."

"ಯಾವ ಸೂಳೆಮಗ ಮುಚ್ಚುದ್ನು?"

"ನಾನೇ ಕಣವ್ವ."

ಅವ್ವ ನನ್ನನ್ನು ಹೊಡೆಯಬಹುದು ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಎರಡೂ ಕೈಯನ್ನು ಒಂದು ಸಲ ನೋಡಿದಳು. ಮೇಲೆ ನೋಡಿದಳು. ಅವಳ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು ಅಂತ ಕಾಣುತ್ತದೆ.

"ಅಂಗೇ ಒಡೀತೀನಿ ಇರವ್ವ, ಆರೆ ತತ್ತೀನಿ" ಅಂದೆ.

"ಬುಡು. ಬೇಡ." ತಲೆಯ ಚೀಲ ಇಳಿಸಿದಳು. ಆ ತ್ಯಾಪೆಯ ಸರಿಯಾಗಿ ಕೆಳಗೆ, ಹೊಸ ಸಿಮೆಂಟಿನ ನೆಲದ ಮೇಲೆ, ಅಕ್ಕಿ ಮೂಟೆಗಳಿಗೆ ಒಂದು ಮಾರು ದೂರದಲ್ಲಿ ಮಂಡಿ ಊರಿ ಕೂತಳು. ಒಂದೊಂದೇ ಗುಂಡುಕಲ್ಲು ತೆಗೆದು ಹೂಡಿದಳು. ಅಲ್ಲಾಡುತ್ತದಾ ಅಂತ ಅಂಗೈಯಲ್ಲಿ ಒತ್ತಿ ನೋಡಿದಳು. ಚೀಲವನ್ನೇ ಮಡಚಿ ಕಲ್ಲುಗಳ ನಡುವೆ ತುರುಕಿದಳು. ಕಾಗದದಲ್ಲಿದ್ದ ಬೆಲ್ಲಕ್ಕೆ ಇರುವೆ ಹತ್ತಿತ್ತು. ಕೊಡವಿ ಪಕ್ಕಕ್ಕೆ ಇಟ್ಟುಕೊಂಡಳು.

ಹೊರಗೆ ಮಾವ ಬಂದಿದ್ದ, ಸಣ್ಣತಾಯಮ್ಮ ಬಂದಿದ್ದಳು, ಏರಿಯ ಕೆಳಗಿನ ಎಲ್ಲರೂ ಬಂದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಸಂಪತ್ ಕುಮಾರ ಪೊಲೀಸರಿಗೆ ಹೇಳಿಕಳಿಸಿ ಅಂತ ಕೂಗುತ್ತಿದ್ದ. ಅರ್ಚಕರು ಪಂಚೆ ಎತ್ತಿ ಹಿಡಿದುಕೊಂಡು ಹೊರಟುಹೋದರು.

"ಬೆಂಕಿಪಟ್ಣ ಕೊಡ್ಲಾ" ಅಂದಳು ಅವ್ವ.

ಕೊಟ್ಟೆ. ಗೀರಿದಳು. ಹಳೆಯ ಗೋಣಿ ಒಂದೇ ಸಲಕ್ಕೆ ಹತ್ತಿಕೊಂಡಿತು. ಹೊಗೆ ನೆಟ್ಟಗೆ ಎದ್ದು, ಹತ್ತಿ ಹತ್ತಿ ಸೂರಿಗೆ ಮುಟ್ಟಿ, ಆ ಬೇರೆ ಬಣ್ಣದ ಉದ್ದಕ್ಕೂ ತಡಕಾಡಿತು. ಹೋಗುವುದಕ್ಕೆ ಜಾಗ ಸಿಗಲಿಲ್ಲ. ನಾಲ್ಕೂ ಕಡೆಗೆ ಹರಡಿ, ಮೆಲ್ಲಗೆ ಅಕ್ಕಿ ಮೂಟೆಗಳ ಮೇಲೆ ಇಳಿಯತೊಡಗಿತು.