ವೇಲಿನ ಕೆಳಗಿನ ಒಂಬತ್ತು

೨೦೨೫ರ ಮಾರ್ಚ್ ೧೦, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ರಾಣೇಬೆನ್ನೂರಿನ ಒಂದು ಬೀಜದಂಗಡಿಯ ಮಹಡಿಯ ಮೇಲಿನ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ನಾವು ಮೂವರು ಹೆಂಗಸರು ನಿಂತಿದ್ದೆವು. ಸಿಮ್ರಾನ, ಬೇನಜೀರ ಇಬ್ಬರಿಗೂ ರಂಜಾನಿನ ರೋಜಾ. ನಾನು ಅವಲಕ್ಕಿ ತಿಂದು ಬಂದವಳು. ನನಗೇ ಕಾಲು ನೋಯುತ್ತಿತ್ತು.

ಮಾಲೀಕ ವಿಜಯಮಹಾಂತೇಶ ಯಾವುದೋ ತರಬೇತಿಗೆ ಹೋಗಿ ‘ಅಜೈಲ್’ ಎಂಬ ಪದವನ್ನು ಹೊತ್ತು ತಂದಿದ್ದ, ಚುರುಕಾಗಿ ಕೆಲಸ ಮಾಡುವ ಪದ್ಧತಿಯಂತೆ. ನಿಂತು ಮಾತಾಡಿದರೆ ಸಭೆ ಲಗೂ ಮುಗಿಯುತ್ತದಂತೆ. ನಾವು ನಿಲ್ಲುತ್ತಿದ್ದೆವು. ಅವನು ತಿರುಗುಕುರ್ಚಿಯಲ್ಲಿ ಕುಳಿತು ತಾಸುಗಟ್ಟಲೆ ಮಾತಾಡುತ್ತಿದ್ದ. ತಂಡ ಹೇಗೆ ನಡೆಯಬೇಕೆಂಬ ನಿಯಮಗಳ ಪಟವನ್ನೂ ಗೋಡೆಗೆ ಅಂಟಿಸಿದ್ದ. ‘ಕೆಲಸ ಮಾಡುವವರೇ ಅವಧಿ ಹೇಳಬೇಕು’ ಎಂಬ ಸಾಲು ಅದರಲ್ಲಿತ್ತು. ಸರಿಯಾಗಿ ಆ ಸಾಲನ್ನು ಮುಚ್ಚಿಕೊಂಡೇ ಅವರಪ್ಪನ ಮೆಣಸಿನಕಾಯಿ ಅಂಗಡಿಯ ಕ್ಯಾಲೆಂಡರ್ ತೂಗುತ್ತಿತ್ತು.

ಪಟದ ಪ್ರಕಾರ ಒಂದು ಕೆಲಸಕ್ಕೆ ಎಷ್ಟು ದಿನ ಬೇಕೆಂದು ಎಲ್ಲರೂ ಒಟ್ಟಿಗೇ ಹೇಳಬೇಕು. ಅವನು ಒಬ್ಬೊಬ್ಬರನ್ನೇ ಹಿಡಿಯುತ್ತಿದ್ದ. ನನ್ನ ಹೆಸರು ಎತ್ತಿ ಸಿಮ್ರಾನಳನ್ನು ಕೇಳುತ್ತಿದ್ದ:

“ಶ್ವೇತಾ ನಾಕು ಅಂದ್ಳು. ನಿನಗ ಅಷ್ಟೂ ಆಗೂದಿಲ್ಲೇನ?”

ಸಿಮ್ರಾನ ಹೆದರಿ ಮೂರು ಅನ್ನುತ್ತಿದ್ದಳು. ಕಡಿಮೆ ಹೇಳಿದವಳ ತಲೆಗೇ ಕೆಲಸ. ತಡವಾದರೆ ಗೋಡೆಯ ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ಹಣೆಗಿಡುವ ಕೆಂಪು ಟಿಕಳಿ. ಸ್ಟಿಕ್ಕರ್ ತುಟ್ಟಿ ಎಂದು ಟಿಕಳಿ ಪಾಕೀಟು ತಂದಿದ್ದ. ಮೂರಾದರೆ ಕೆಲಸದಿಂದ ಮನೆಗೆ. ಸಿಮ್ರಾನಳಿಗೆ ಆಗಲೇ ಎರಡು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಶನಿವಾರ ಬಸ್ಸಿಗೆ ಕಾಯುವಾಗ ಅವಳೇ ಹೇಳಿದ್ದಳು: “ನಮ್ಮ ಅಬ್ಬಾ ಹಾವೇರಿ ದನದ ಸಂತ್ಯಾಗ ದಲಾಲಿ ಮಾಡತಿದ್ದ ಶ್ವೇತಕ್ಕಾ. ಟವೆಲ್ ಕೆಳಗ ಬೆರಳು ಹಿಡದು ರೇಟ ಮುಗಸ್ತಿದ್ದ. ನಿಂತು ನೋಡಾವ್ರಿಗೆ ಏನೂ ಗೊತ್ತಾಗತಿದ್ದಿಲ್ಲ.”

“ನಮ್ಮ ಕಡೆ ಟವೆಲ್ ಎಲ್ಲೈತಿ?” ಬೇನಜೀರ ನಕ್ಕಿದ್ದಳು.

“ವೇಲ್ ಐತೆಲ್ಲ!” ಸಿಮ್ರಾನ ಹೆಗಲ ಮೇಲಿನ ದುಪಟ್ಟಾ ಎಳೆದು ತೋರಿಸಿದ್ದಳು.

ಸೋಮವಾರದ ಕೆಲಸ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರದು. ತನ್ನ ಮೆಣಸಿನಕಾಯಿ ಚೀಲ ಯಾವ ಕೋಣೆಯಲ್ಲಿದೆ ಎಂದು ರೈತನ ಮೊಬೈಲಿಗೆ ತಿಳಿಸುವ ತಂತ್ರಾಂಶ ಬರೆಯಬೇಕು.

“ಎಷ್ಟ ದಿನ? ಸಿಮ್ರಾನ, ಹೇಳ.”

“ತಡೀರಿ ಸರ.”

ಅವಳು ವೇಲ್ ಬಿಚ್ಚಿ ಹರಡಿದಳು. ಮೂರು ಕೈ ಅದರ ಕೆಳಗೆ ಸೇರಿದವು. ನಾನು ಅವಳ ಇಡೀ ಕೈ ಹಿಡಿದು, ಬಿಟ್ಟು, ಎರಡು ಬೆರಳು ಹಿಡಿದೆ: ಐದೂ ಎರಡೂ ಏಳು. ಅವಳು ನನ್ನ ಇಡೀ ಕೈ ಹಿಡಿದು, ಆಮೇಲೆ ನಾಲ್ಕು ಬೆರಳು ಅದುಮಿದಳು. ಬರೆದದ್ದನ್ನು ಪರೀಕ್ಷಿಸುವ ಎರಡು ದಿನ ನನಗೆ ಮರೆತೇಹೋಗಿತ್ತು. ಬೇನಜೀರಳೂ ಹಾಗೇ ಇಡೀ ಕೈ ಹಿಡಿದು, ಆಮೇಲೆ ನಾಲ್ಕು ಬೆರಳು ಅದುಮಿದಳು.

“ಒಂಬತ್ತು,” ಮೂವರೂ ಒಮ್ಮೆಲೇ ಅಂದೆವು.

“ಏನಿದು, ದನದ ಸಂತಿ ಮಾಡೀರೇನ?”

“ಹೌದ್ರಿ ಸರ,” ಸಿಮ್ರಾನ ಅಂದಳು. “ಅಲ್ಲಿ ಎತ್ತಿಗೆ ಬಾಯಿಲ್ಲ. ನಮಗೈತಿ.”

“ನಾ ಕೋಲ್ಡ್ ಸ್ಟೋರೇಜಿನಾವ್ರಿಗೆ ಮೂರು ದಿನ ಅಂತ ಮಾತು ಕೊಟ್ಟೇನಿ!” ಅವನು ಗೋಡೆಯ ಬೋರ್ಡಿನ ಮೇಲೆ ಮೂರು ಬರೆದ. ಪಾಕೀಟಿನಿಂದ ಟಿಕಳಿ ತೆಗೆದು ಸಿಮ್ರಾನಳ ಹೆಸರಿನ ಮುಂದೆ ಒತ್ತಿದ. “ಮೂರನೇದು. ನಡಿ ಮನಿಗೆ.”

ನಾನು ನನ್ನ ಹಣೆಯ ಟಿಕಳಿ ಕಿತ್ತು ನನ್ನ ಹೆಸರಿನ ಮುಂದೆ ಅಂಟಿಸಿದೆ. ಬೇನಜೀರ ಪಾಕೀಟನ್ನೇ ಕಸಿದುಕೊಂಡು ತನ್ನ ಹೆಸರಿನ ಮುಂದೆ ಸಾಲಾಗಿ ಒತ್ತಿದಳು. ಉಳಿದದ್ದನ್ನು ತಿರುಗುಕುರ್ಚಿಯ ಬೆನ್ನಿಗೆ ಹಚ್ಚಿದಳು.

“ಅಕಿ ಹೋದ್ರ ನಾವೂ ಹೊಂಟ್ವಿ,” ಎಂದೆ.

“ಮೂರು ಅಂದಾವ್ರು ನೀವು,” ಬೇನಜೀರ ಕ್ಯಾಲೆಂಡರ್ ಕೆಳಗಿಳಿಸಿ ಆ ಸಾಲು ತೋರಿಸಿದಳು. “ಮಾಡಾವ್ರೂ ನೀವ ಆಗ್ರಿ. ಕಂಪ್ಯೂಟರ್ ಖಾಲಿ ಐತಿ.”

“ನನಗ ಬರೂದಿಲ್ಲ ಅಂದ್ಕೊಂಡೀರೇನ?” ಅವನು ರೋಷದಿಂದ ಸಿಮ್ರಾನಳ ಕಂಪ್ಯೂಟರಿನ ಮುಂದೆ ಕುಳಿತ. ನಾವು ನೆಲದ ಮೇಲೆ ಕಾಲು ಚಾಚಿ ಕುಳಿತೆವು. ಅಂಥ ಸುಖದ ಸಭೆ ಆ ಮಹಡಿಯಲ್ಲಿ ಅದೇ ಮೊದಲು.

ಕೋಲ್ಡ್ ಸ್ಟೋರೇಜಿನಿಂದ ಫೋನು ಬಂತು, ಅವನು ಎತ್ತಲಿಲ್ಲ. ಮತ್ತೆ ಬಂತು. ಮಧ್ಯಾಹ್ನ ಎದ್ದವನು ನಮ್ಮ ಕಡೆ ನೋಡದೆ ಬೋರ್ಡಿನ ಮೂರನ್ನು ಅಂಗೈಯಿಂದ ಒರೆಸಿದ. ಒಂಬತ್ತು ಬರೆದು ಕೆಳಗಿಳಿದು ಹೋದ. ಸಿಮ್ರಾನ ತನ್ನ ಟಿಕಳಿಗಳನ್ನು ತಾನೇ ಕಿತ್ತಳು.

ಆಮೇಲೆ ಅವನು ತೆರೆದಿಟ್ಟಿದ್ದ ಫೈಲು ನೋಡಿದೆ. ಅಷ್ಟು ಹೊತ್ತಿನಲ್ಲಿ ಅವನು ಬರೆದ ಕೋಡ್: ಸೊನ್ನೆ ಸಾಲು.