ಮೊದಲ ಬುಟ್ಟಿಯ ಹೊತ್ತು

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕಾಟಾ ಮತ್ತೆ ಕೈಕೊಟ್ಟಿತ್ತು. ಲಾರಿ ಅದರ ಮೇಲೆ ನಿಂತಿತ್ತು, ತೂಕ ಮಾತ್ರ ಆಫೀಸಿನ ಪರದೆಗೆ ಬರುತ್ತಿರಲಿಲ್ಲ.

"ನಿಮ್ಮ ಕಂಪ್ಯೂಟರ್ ಬಂದ ಮ್ಯಾಲೇ ಈ ರೋಗ, ಮೇಡಂ," ಎಂದರು ಗಿರಣಿಯ ಸಾವ್ಕಾರ ಪಂಪಾಪತಿ. "ಸಂಜಿ ಮಟ ನೋಡ್ತೀನಿ. ಆಗಲಿಲ್ಲಂದ್ರ ಬಿಚ್ಚಿಕೊಂಡು ರಾಯಚೂರಿಗೆ ಒಯ್ರಿ."

ಪ್ರಿಯದರ್ಶಿನಿ ತಲೆಯಾಡಿಸಿದಳು. ದೇವದುರ್ಗದವಳು, ರಾಯಚೂರಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಉದುರುವ ಅಕ್ಕಿಯ ಚಿತ್ರ ತೆಗೆದು ಕಲ್ಲು, ಕರಿಕಾಳು ಗುರುತಿಸುವ ಕ್ಯಾಮೆರಾವನ್ನೂ ಕಂಪ್ಯೂಟರನ್ನೂ ಆ ಕಂಪನಿ ಇಲ್ಲಿ ಕೂರಿಸಿತ್ತು. ತಂತಿಯಲ್ಲಿ ಬರುವ ಚಿತ್ರಗಳನ್ನು ಎತ್ತಿಕೊಳ್ಳುವ ಡ್ರೈವರ್ ಎಂಬ ಸಾಫ್ಟ್‌ವೇರ್ ಅವಳು ಬರೆದದ್ದು, ಅವಳ ಮೊದಲನೆಯದು. ಇಲ್ಲಿ ಬಿಚ್ಚಿದರೆ ಬೇರೆ ಯಾವ ಗಿರಣಿಯೂ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕಂಪನಿಯ ಹಿರಿಯ ಗುರುಸಿದ್ದ ಫೋನಿನಲ್ಲಿ ಸುಲಭದ ದಾರಿ ಹೇಳಿದ: "ಆ ಪಾಜ್ ಪೂರಾ ಬಂದ್ ಮಾಡಿ ಬಸ್ ಹತ್ತು, ತಂಗಿ."

ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನಲ್ಲಿ ಜಾಗ ತುಂಬುತ್ತಾ ಬಂದಾಗ ಅದು, ಕ್ಯಾಮೆರಾ ಮತ್ತು ಕಾಟಾ ಎರಡರ ತಂತಿಗಳೂ ಬಂದು ಸೇರುವ ಸ್ವಿಚ್ಚಿಗೆ 'ತಡೆ' ಎಂದು ಹೇಳಿಕಳಿಸುತ್ತದೆ. ಅದೇ ಪಾಜ್. ಬಂದ್ ಮಾಡಿದರೆ ಕಾಟಾ ನಡೆಯುತ್ತಿತ್ತು, ನಿಜ. ಆದರೆ ಅಕ್ಕಿ ರಭಸದಿಂದ ಬೀಳುವಾಗ ಚಿತ್ರಗಳು ಕಳೆದು ಕಲ್ಲು ಚೀಲ ಸೇರುತ್ತಿತ್ತು.

"ಆಗೂದಿಲ್ಲಣ್ಣ," ಎಂದು ಫೋನಿಟ್ಟಳು.

ಯಂತ್ರ ನಡೆಸುವ ಇನಾಯತ್‌ನ ಪಕ್ಕದಲ್ಲಿ ಕುಳಿತು ಅವನ ಕೆಲಸ ನೋಡಿದಳು. ಹಮಾಲರು ಹೊಸ ರಾಶಿ ಸುರಿದರು. ಇನಾಯತ್ ಪರದೆಯ ಮೇಲಿನ, ಕಲ್ಲು ಹುಡುಕುವ ಪ್ರೋಗ್ರಾಂ ನಿಲ್ಲಿಸಿ ಕೈಕಟ್ಟಿ ಕುಳಿತ. ಕ್ಯಾಮೆರಾ ನಡೆಯುತ್ತಲೇ ಇತ್ತು.

"ಯಾಕ ನಿಲ್ಲಿಸಿದ್ರಿ?"

"ಹೊಸ ರಾಶಿಯ ಮೊದಲ ಬುಟ್ಟ್ಯಾಗ ಐಬು ಹುಡುಕಬಾರದ್ರಿ. ನಮ್ಮ ಗಿರಣ್ಯಾಗ ಮೊದಲಿಂದ್ಲೂ ಹಂಗ. ಆ ಬುಟ್ಟಿ ಹಮಾಲರ ಮನಿಗೆ ಹೋಗ್ತದ."

"ಕಲ್ಲಿದ್ರ?"

"ಅವರ ಮನ್ಯಾಗೂ ಕಣ್ಣದಾವ್ರಿ, ಮೇಡಂ."

ಹೊರಗೆ ಲಾರಿಯವನು ಹಾರ್ನ್ ಒತ್ತಿದ. ಕಾಟಾ ಮತ್ತೆ ನಿಂತಿತ್ತು.

ರಾಯಚೂರಿನಲ್ಲಿ ಪರೀಕ್ಷಿಸುವಾಗ ಅವಳು ಯಾವಾಗಲೂ ಕ್ಯಾಮೆರಾ ಆರಿಸಿದ ಮೇಲೆಯೇ ಪ್ರೋಗ್ರಾಂ ನಿಲ್ಲಿಸುತ್ತಿದ್ದಳು. ಇಲ್ಲಿ ಪ್ರೋಗ್ರಾಂ ಸುಮ್ಮನಾದರೂ ಕ್ಯಾಮೆರಾ ಚಿತ್ರ ಕಳಿಸುತ್ತಲೇ ಇತ್ತು. ಚಿತ್ರ ಎತ್ತಿಕೊಳ್ಳುವವರಿಲ್ಲದೆ ಕಾರ್ಡು ತುಂಬಿ, ಬಿಡದೆ 'ತಡೆ' ಎನ್ನುತ್ತಿತ್ತು. ಸ್ವಿಚ್ಚಿನಲ್ಲಿ ಚಿತ್ರಗಳು ಜಮೆಯಾಗಿ, ಅವುಗಳ ಹಿಂದೆ ಕಾಟಾದ ತೂಕವೂ ಸಿಕ್ಕಿಬಿದ್ದಿತ್ತು.

ತಡೆ ಎನ್ನುವುದಕ್ಕೂ ಮಿತಿ ಬೇಕಿತ್ತು. ಆ ಮಿತಿ ಮೀರಿದರೆ ಡ್ರೈವರೇ ಪಾಜ್ ನಿಲ್ಲಿಸಿ, ಬಂದ ಚಿತ್ರಗಳನ್ನು ಚೆಲ್ಲಬೇಕು. ಮೊದಲ ಬುಟ್ಟಿಯ ಚಿತ್ರ ಹೇಗೂ ಯಾರಿಗೂ ಬೇಡ. ಅವಳು ಬರೆಯತೊಡಗಿದಳು. ತಂದಿಟ್ಟ ಚಹಾ ಆರಿತು. ಹೊಸ ಡ್ರೈವರ್ ಹಾಕಿ ಪ್ರೋಗ್ರಾಂ ಶುರು ಮಾಡಿಸಿದಳು.

"ನಿಲ್ಲಿಸ್ರಿ ಈಗ," ಎಂದಳು ಇನಾಯತ್‌ಗೆ.

ಅವನು ಪ್ರೋಗ್ರಾಂ ನಿಲ್ಲಿಸಿದ. ಲಾರಿಯ ತೂಕ ಪರದೆಗೆ ಬಂತು. ಅದರ ಹಿಂದಿನ ಲಾರಿಯದೂ ಬಂತು.

"ಆತಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಪಂಪಾಪತಿ. "ಇರ್ಲಿ ನಿಮ್ಮ ಕಂಪ್ಯೂಟರ್."

ಅವಳು ಏಳಲಿಲ್ಲ. ಇನಾಯತ್ ಪ್ರೋಗ್ರಾಂ ಮತ್ತೆ ಶುರು ಮಾಡಿದ ಮೇಲೆ ಅವಳ ಲ್ಯಾಪ್‌ಟಾಪಿನಲ್ಲಿ ಕಳೆದುಹೋದ ಚಿತ್ರಗಳ ಸಂಖ್ಯೆ ಏರುತ್ತಿತ್ತು. ನಿಲ್ಲಿಸಿದ ಪಾಜ್ ಅನ್ನು ಡ್ರೈವರ್ ಮತ್ತೆ ಹಚ್ಚಿರಲಿಲ್ಲ. ಗಿರಣಿಯಲ್ಲಿ ಬೇರೆ ಯಾರಿಗೂ ಅದು ಕಾಣುವಂತಿರಲಿಲ್ಲ. ಆ ಸಂಖ್ಯೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇನ್ನೂ ಆಗಿಲ್ರಿ ಸಾವ್ಕಾರ್ರ. ಈಗ ಕಲ್ಲು ದಾಟಿ ಹೋಗಾಕತ್ತಾವ. ಅಕ್ಕಿ ಸುರಿಯೂದು ನಿಲ್ಲಿಸ್ರಿ."

"ನಾನು ಇರ್ಲಿ ಅಂದ್ರ ನೀವೇ ಬ್ಯಾಡಂತೀರೇನು?"

"ಸಂಜಿ ಮಟ ಅಂದಿದ್ರಿ. ಸಂಜಿ ಇನ್ನೂ ಆಗಿಲ್ಲ."

ಇನಾಯತ್ ಮುಖ ಆಚೆ ತಿರುಗಿಸಿ ನಕ್ಕ. ಪಂಪಾಪತಿ ಸಾಲುಗಟ್ಟಿದ ಲಾರಿಗಳನ್ನು ನೋಡಿದರು. ಆಮೇಲೆ ತಾವೇ ಹೋಗಿ ಹಮಾಲರನ್ನು ತಡೆದರು.

ಕಾರ್ಡಿನಲ್ಲಿ ಸಾಕಷ್ಟು ಜಾಗ ಖಾಲಿಯಾದ ಕೂಡಲೇ ಪಾಜ್ ಮರಳುವಂತೆ ಅವಳು ಸೇರಿಸಿದಳು. ಪ್ರೋಗ್ರಾಂ ನಿಲ್ಲಿಸಿ, ಮತ್ತೆ ನಡೆಸಿ, ಅಕ್ಕಿ ಬೀಳುವ ಬಾಯಿ ಪೂರಾ ತೆಗೆಸಿದಳು. ಅಕ್ಕಿ ಧೋ ಎಂದು ಬಿತ್ತು. ಕಳೆದ ಚಿತ್ರಗಳ ಸಂಖ್ಯೆ ಕದಲಲಿಲ್ಲ. ಕಾಟಾದ ತೂಕ ಬರುತ್ತಲೇ ಇತ್ತು.

"ಬಿಚ್ಚೂದು ಬ್ಯಾಡ ಹಂಗಾರ?" ಎಂದರು ಪಂಪಾಪತಿ.

"ಬ್ಯಾಡ್ರಿ," ಎಂದು ಅವಳು, ನೋಡಲೆಂದು ತೆಗೆದಿಟ್ಟಿದ್ದ ಕಂಪ್ಯೂಟರಿನ ಮುಚ್ಚಳ ಕೂರಿಸಿ ಸ್ಕ್ರೂ ಬಿಗಿಯತೊಡಗಿದಳು.